ಫೈಲ್ ತೆರೆದಾಗ ಕನ್ನಡ ಕಾಣ್ತಿಲ್ವಾ? ಮೊದಲು ಸೇವ್ ಒತ್ತಬೇಡಿ

"ನಿನ್ನೆ ಸರಿ ಇತ್ತು, ಇವತ್ತು ತೆರೆದರೆ ಏನೇನೋ ಬರ್ತಾ ಇದೆ." ಅಡಿಕೆ ಸೊಸೈಟಿಯ ಸದಸ್ಯರ ಪಟ್ಟಿ ಇರಲಿ, ಶಾಲೆಯ ದಾಖಲಾತಿ ಇರಲಿ, ಯಕ್ಷಗಾನ ಪ್ರಸಂಗದ ಪದ್ಯಗಳೇ ಇರಲಿ, ದೂರು ಬರುವುದು ಇದೇ ಮಾತಿನಲ್ಲಿ. ವಿಚಾರಿಸಿದರೆ ಆಮೇಲೆ ಗೊತ್ತಾಗುತ್ತದೆ: ಸರಿ ಮಾಡೋಣ ಅಂತ ಫಾಂಟ್ ಬದಲಿಸಿದ್ದಾರೆ, ನಾಲ್ಕು ಕಡೆ ತಿದ್ದಿದ್ದಾರೆ, ಅದೇ ಹೆಸರಲ್ಲಿ ಸೇವ್ ಮಾಡಿದ್ದಾರೆ. ಫೈಲ್ ನಿಜವಾಗಿ ಹಾಳಾಗುವುದು ಹೆಚ್ಚಾಗಿ ಆ ಸೇವ್‌ನಲ್ಲೇ.

ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವುದಿಲ್ಲ, ಅಂಕಿ ಇಟ್ಟುಕೊಳ್ಳುತ್ತದೆ. ಯಾವ ಅಂಕಿಗೆ ಯಾವ ಅಕ್ಷರ ಅನ್ನುವ ಪಟ್ಟಿ ಬೇರೆ ಇರುತ್ತದೆ. ಅಂಕಿ ಸರಿ ಇದ್ದು, ಓದುವಾಗ ಬೇರೆ ಪಟ್ಟಿ ಹಿಡಿದರೆ ತೆರೆಯ ಮೇಲೆ ಗೋಜಲು ಕಾಣುತ್ತದೆ. ಅಲ್ಲಿಯವರೆಗೆ ಏನೂ ಹೋಗಿಲ್ಲ. ಆ ಗೋಜಲನ್ನೇ ನಿಜ ಅಂದುಕೊಂಡು ಸೇವ್ ಮಾಡಿದರೆ ಅಂಕಿಯೂ ಬದಲಾಗಬಹುದು.

ಹಾಗಾಗಿ ಯಾವ ಲಕ್ಷಣ ಕಂಡರೂ ಮೊದಲ ಕೆಲಸ ಒಂದೇ. ಸೇವ್ ಮಾಡದೆ ಮುಚ್ಚಿ. ಫೈಲಿನ ಒಂದು ನಕಲು ಮಾಡಿ, ಮೂಲವನ್ನು ಪೆನ್ ಡ್ರೈವ್‌ಗೆ ಹಾಕಿ ಪಕ್ಕಕ್ಕಿಡಿ. ಇನ್ನು ಮುಂದಿನದೆಲ್ಲ ನಕಲಿನ ಮೇಲೆ.

ಅಕ್ಷರದ ಬದಲು ಬರೀ ಚೌಕಗಳು

ಇದು ಅತಿ ಹಗುರವಾದ ತೊಂದರೆ. ಅಂಕಿಯೂ ಸರಿ, ಪಟ್ಟಿಯೂ ಸರಿ. ಅಕ್ಷರ ಬಿಡಿಸಲು ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ. ಅದೇ ಫೈಲನ್ನು ನಿಮ್ಮ ಮೊಬೈಲಿಗೆ ಕಳಿಸಿ ತೆರೆದು ನೋಡಿ. ಅಲ್ಲಿ ಸರಿ ಕಂಡರೆ ಫೈಲಿಗೆ ಏನೂ ಆಗಿಲ್ಲ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಫಾಂಟ್ ಜೊತೆಗೇ ಬರುತ್ತದೆ, ಅದಕ್ಕೂ ಹಿಂದೆ ತುಂಗಾ ಇತ್ತು. ಇಲ್ಲದಿದ್ದರೆ ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಹಾಕಿಕೊಳ್ಳಿ.

ಚೌಕ ಇಲ್ಲ, ಆದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲೇ ಅರ್ಧಾಕ್ಷರವಾಗಿ ನಿಂತಿದೆ ಎಂದರೆ ತಪ್ಪು ಆ ಸಾಫ್ಟ್‌ವೇರಿನದು. ಅಕ್ಷರ ಜೋಡಿಸುವುದು ಅದಕ್ಕೆ ಬರುವುದಿಲ್ಲ. ಹಳೆಯ ಡಿಟಿಪಿ ಸಾಫ್ಟ್‌ವೇರುಗಳಲ್ಲಿ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಆದ ಅಂಕಿ-ಅಕ್ಷರ ಪಟ್ಟಿ) ಕನ್ನಡ ಅಂಟಿಸಿದಾಗ ಹೀಗಾಗುತ್ತದೆ. ಪಠ್ಯ ತಿದ್ದಲು ಹೋಗಬೇಡಿ, ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯಿರಿ.

ತಲೆ ಮೇಲೆ ಗೆರೆ ಇರುವ ದೊಡ್ಡ ಎ, ನಡುನಡುವೆ ಪೌಂಡ್ ಚಿಹ್ನೆ

ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಸುಮ್ನೆ ಗಾಬರಿಯಾಗಬೇಡಿ, ಹತ್ತಿರದಿಂದ ನೋಡಿ. ಇಂಗ್ಲಿಷ್‌ನ ದೊಡ್ಡ ಎ ಅಕ್ಷರ, ಅದರ ತಲೆ ಮೇಲೆ ಒಂದು ಓರೆ ಗೆರೆ, ಅದು ಸಾಲಿನ ತುಂಬ ಮತ್ತೆ ಮತ್ತೆ ಬರುತ್ತಿದೆಯಾ? ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆಯೂ ಇದೆಯಾ? ಹಾಗಿದ್ದರೆ ಇದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಅಂಕಿಗಳ ಮೇಲೇ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು. 'ಕನ್ನಡ' ಅನ್ನುವ ಪದ ಅಲ್ಲಿ ಇಂಗ್ಲಿಷ್‌ನ ಪಿ ಅಕ್ಷರದಿಂದ ಶುರುವಾಗುತ್ತದೆ, 'ನ' ಬರುವಲ್ಲಿ ಪೌಂಡ್ ಚಿಹ್ನೆ ಇರುತ್ತದೆ. ಫಾಂಟ್ ಇದ್ದಾಗ ಕನ್ನಡ, ಫಾಂಟ್ ತೆಗೆದರೆ ಈ ಗೋಜಲು.

ಯೂನಿಕೋಡ್‌ನಲ್ಲಿ ಕನ್ನಡ 1991ರಲ್ಲೇ ಸೇರಿದ್ದರೂ ನಮ್ಮ ಕಡೆಯ ಪ್ರೆಸ್‌ಗಳು, ಕಚೇರಿಗಳು ಬಹಳ ಕಾಲ ಹಳೆಯ ಫಾಂಟ್‌ಗಳಲ್ಲೇ ಕೆಲಸ ಮಾಡಿದವು. ಅದಕ್ಕೇ ಮಾರಿಕಾಂಬಾ ಜಾತ್ರೆ ಹತ್ತಿರ ಬಂದು ಯಾರೋ ಹಳೆಯ ಜಾತ್ರೆಯ ಬ್ಯಾನರ್ ಫೈಲ್ ಹುಡುಕಿ ತೆಗೆದಾಗಲೆಲ್ಲ ಈ ದೊಡ್ಡ ಎ ಎದುರಾಗುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ನಕಲಿನಲ್ಲಿ ಒಂದು ಪ್ಯಾರಾ ಆರಿಸಿ ಫಾಂಟನ್ನು 'ನುಡಿ 01 ಇ' ಅಥವಾ 'ಬಿಆರ್‌ಎಚ್ ಕನ್ನಡ' ಮಾಡಿ. ಓದುವ ಹಾಗೆ ಬಂತಾ? ದೋಷ ಸಿಕ್ಕಿತು. ಪ್ರಿಂಟ್ ಮಾತ್ರ ಬೇಕಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಬರದಿದ್ದರೆ ಶ್ರೀಲಿಪಿಯಂಥ ಬೇರೆ ಸಾಫ್ಟ್‌ವೇರಿನದ್ದಿರಬಹುದು. ಅದರ ಪಟ್ಟಿಯೇ ಬೇರೆ, ನುಡಿಯ ಕನ್ವರ್ಟರ್ ಅದಕ್ಕೆ ನಡೆಯುವುದಿಲ್ಲ.

ಕಾಯಂ ಪರಿಹಾರ ಬೇಕಾದರೆ ಯೂನಿಕೋಡ್‌ಗೆ ಬದಲಿಸಬೇಕು. ನುಡಿ, ಬರಹ ಎರಡರಲ್ಲೂ ಕನ್ವರ್ಟರ್ ಇದೆ. ಬದಲಿಸಿದ ಮೇಲೆ ಕಣ್ಣಾಡಿಸಿ ಬಿಟ್ಟುಬಿಡಬೇಡಿ. 'ಕಾರ್ಯದರ್ಶಿ' ಅನ್ನುವ ಪದ ಹುಡುಕಿ ನೋಡಿ. ಅದರಲ್ಲಿ ಅರ್ಕಾವತ್ತು ಎರಡು ಸಲ ಬರುತ್ತದೆ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಕನ್ವರ್ಟರ್ ಎಡವುವುದು ಇಲ್ಲೇ ಜಾಸ್ತಿ. ಇನ್ನೊಂದು ಎಡವುವ ಜಾಗ ಕನ್ನಡದ ನಡುವೆ ಇದ್ದ ಇಂಗ್ಲಿಷ್ ಪದಗಳು. ಇಮೇಲ್ ವಿಳಾಸ, ಐಎಫ್‌ಎಸ್‌ಸಿ ಕೋಡ್‌ಗಳನ್ನೂ ಅದು ಹಳೆ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅವನ್ನು ಮೂಲ ನೋಡಿ ಕೈಯಲ್ಲೇ ಹಾಕಬೇಕು.

ತಲೆ ಮೇಲೆ ಗೆರೆ ಇರುವ ಸಣ್ಣ ಎ, ಪಕ್ಕದಲ್ಲಿ ಪುಟ್ಟ 2 ಅಥವಾ 3

ದೂರದಿಂದ ಮೇಲಿನದ್ದೇ ಅನ್ನಿಸುತ್ತದೆ, ಆದರೆ ರೋಗ ಬೇರೆ, ಮದ್ದೂ ಬೇರೆ. ಇಲ್ಲಿ ಎ ಸಣ್ಣದು. ಅದರ ಬಗಲಲ್ಲಿ ಸ್ವಲ್ಪ ಮೇಲಕ್ಕೆ ಕೂತ ಪುಟ್ಟ 2 ಅಥವಾ 3 ಇರುತ್ತದೆ. ಈ ಫೈಲ್ ಈಗಾಗಲೇ ಯೂನಿಕೋಡ್‌ನಲ್ಲಿದೆ. ಇದನ್ನು ನುಡಿ ಕನ್ವರ್ಟರಿಗೆ ಹಾಕಿದರೆ ಇದ್ದದ್ದೂ ಕೆಡುತ್ತದೆ.

ಯಾಕೆ ಹೀಗೆ ಕಾಣುತ್ತದೆ ಅಂತ ಒಮ್ಮೆ ಅಂಕಿಯಲ್ಲೇ ನೋಡೋಣ. 'ಕ' ಅಕ್ಷರದ ಯೂನಿಕೋಡ್ ಅಂಕಿ 3221. ಇದನ್ನು 16ರ ಲೆಕ್ಕದಲ್ಲಿ, ಅಂದರೆ ಹೆಕ್ಸ್‌ನಲ್ಲಿ ಬರೆದರೆ 0ಸಿ95. ಹೆಕ್ಸ್‌ನಲ್ಲಿ 9 ಆದ ಮೇಲೆ 10ರಿಂದ 15ರವರೆಗೆ ಎ, ಬಿ, ಸಿ, ಡಿ, ಇ, ಎಫ್ ಬರೆಯುತ್ತಾರೆ. ಒಂದೊಂದು ಹೆಕ್ಸ್ ಅಂಕಿಗೆ ನಾಲ್ಕು ಬಿಟ್, ಅಂದರೆ ನಾಲ್ಕು 0 ಅಥವಾ 1. ಹಾಗೆ 0ಸಿ95 ಬಿಡಿಸಿದರೆ 0000 1100 1001 0101. ಒಂದು ಬೈಟ್‌ನಲ್ಲಿ, ಅಂದರೆ ಎಂಟು ಬಿಟ್‌ನಲ್ಲಿ, 0ಯಿಂದ 255ರವರೆಗೆ ಮಾತ್ರ ಹಿಡಿಸುತ್ತದೆ, 3221 ಹಿಡಿಸುವುದಿಲ್ಲ. ಅದಕ್ಕೆ ಯುಟಿಎಫ್-8 ಅನ್ನುವ ಕ್ರಮ ಈ 16 ಬಿಟ್‌ಗಳನ್ನು 4, 6, 6 ಅಂತ ಮುರಿಯುತ್ತದೆ. ಮೊದಲ ತುಂಡಿನ ಮುಂದೆ 1110, ಉಳಿದೆರಡರ ಮುಂದೆ 10 ಅಂಟಿಸುತ್ತದೆ. ಸಿಗುವ ಮೂರು ಬೈಟ್: 11100000, 10110010, 10010101. ಹೆಕ್ಸ್‌ನಲ್ಲಿ ಇ0, ಬಿ2, 95.

ಈ ಮೂರನ್ನೂ ಒಟ್ಟಿಗೆ ಓದಿದರೆ 'ಕ'. ಒಂದೊಂದನ್ನೂ ಬೇರೆ ಅಕ್ಷರ ಅಂತ ಪಶ್ಚಿಮ ಯುರೋಪಿನ ಹಳೆಯ ವಿಂಡೋಸ್ ಪಟ್ಟಿಯಲ್ಲಿ ಹುಡುಕಿದರೆ ಇ0ಗೆ ಗೆರೆ ಇರುವ ಸಣ್ಣ ಎ, ಬಿ2ಗೆ ಪುಟ್ಟ 2, 95ಕ್ಕೆ ಒಂದು ದಪ್ಪ ಚುಕ್ಕಿ. ಕನ್ನಡದ ಯಾವ ಅಕ್ಷರವಾದರೂ ಮೊದಲ ಬೈಟ್ ಇ0, ಎರಡನೆಯದು ಬಿ2 ಅಥವಾ ಬಿ3 ಮಾತ್ರ. ಪುಟ್ಟ 2, ಪುಟ್ಟ 3 ಬರುವುದು ಇದರಿಂದಲೇ. 'ಶಿರಸಿ' ಹೀಗೆ ಒಡೆದರೆ ಆ ಜೋಡಿ ಐದು ಸಲ ಬರುತ್ತದೆ, ಗುಡಿಸು ಇದ್ದ ಎರಡು ಕಡೆ ತಲೆಕೆಳಗಾದ ಪ್ರಶ್ನೆ ಚಿಹ್ನೆ ಕಾಣುತ್ತದೆ. ಆ ತಲೆಕೆಳಗಾದ ಚಿಹ್ನೆ ನೋಡಿ ಹೆದರಬೇಡಿ, ಅದು ಗುಡಿಸೇ.

ಕಾರವಾರದ ಕಡೆಯವರಿಗೆ ಇನ್ನೊಂದು ಗುರುತು. ಕೊಂಕಣಿಯನ್ನು ದೇವನಾಗರಿಯಲ್ಲಿ ಬರೆದ ಫೈಲ್ ಒಡೆದರೆ ಸಣ್ಣ ಎ ಪಕ್ಕದಲ್ಲಿ 2, 3 ಇರುವುದಿಲ್ಲ. ಜಪಾನಿನ ಯೆನ್ ಚಿಹ್ನೆ ಅಥವಾ ನಾಲ್ಕು ಮೂಲೆಗೂ ಕಡ್ಡಿ ಇರುವ ಸಣ್ಣ ವೃತ್ತ ಇರುತ್ತದೆ. ಫೈಲ್ ಒಡೆದಿದ್ದರೂ ಒಳಗಿರುವುದು ಯಾವ ಲಿಪಿ ಅಂತ ಇಷ್ಟರಲ್ಲೇ ಹೇಳಬಹುದು.

ಪರಿಹಾರ ಸುಲಭ. ಬಹುಪಾಲು ಇದು ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಬರೀ ಪಠ್ಯದ ಪಟ್ಟಿ) ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಆಗುವುದು. ಹಾಗೆ ತೆರೆಯಬೇಡಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಮೆನುವಿನಲ್ಲಿ ಪಠ್ಯ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆ ಒತ್ತಿ, ಫೈಲಿನ ಮೂಲ ಕೇಳುವಲ್ಲಿ 65001 ಯುಟಿಎಫ್-8 ಆರಿಸಿ. ಲಿಬ್ರೆ ಆಫೀಸ್ ಬಳಸುವವರಿಗೆ ಇನ್ನೂ ಸಲೀಸು, ಅದು ತೆರೆಯುವಾಗಲೇ ಕೇಳುತ್ತದೆ. ಬರೀ ಪಠ್ಯವಾದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಹೊಸ ವಿಂಡೋಸ್‌ನಲ್ಲಿ ಕೆಳಗೆ ಬಲಮೂಲೆಯಲ್ಲಿ ಯಾವ ಪಟ್ಟಿಯಲ್ಲಿ ಓದುತ್ತಿದೆ ಅಂತ ಬರೆದಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಒಡೆದ ಅಕ್ಷರಗಳನ್ನೇ ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ "ಇದನ್ನ ಸರಿ ಮಾಡಿಕೊಡಿ" ಅನ್ನಬೇಡಿ, ಮೂಲ ಫೈಲನ್ನೇ ಕಳಿಸಿ. ಆ ಹಳೆಯ ಪಟ್ಟಿಯಲ್ಲಿ 81, 8ಡಿ, 8ಎಫ್, 90, 9ಡಿ ಅನ್ನುವ ಐದು ಮನೆಗಳು ಖಾಲಿ. ಒತ್ತಕ್ಷರ ಕೂಡಿಸುವ ಹಲಂತದ ಕೊನೆಯ ಬೈಟ್ 8ಡಿ, ಉಕಾರದ ಕೊಂಬಿನದ್ದು 81. ಏ, ಐ, ಝ ಕೂಡ ಇದೇ ಮನೆಗಳಿಗೆ ಬಂದು ಬೀಳುತ್ತವೆ. ಕಣ್ಣಿಗೆ ಕಾಣದ ಈ ಬೈಟ್‌ಗಳು ಕಾಪಿ ಮಾಡುವಾಗ ಉದುರಿಹೋಗಬಹುದು. ಆಮೇಲೆ ಯಾರು ಎಷ್ಟು ತಿದ್ದಿದರೂ ಒತ್ತು, ಕೊಂಬು ಇಲ್ಲದ ಕನ್ನಡವೇ ಸಿಗುತ್ತದೆ.

ಬರೀ ಪ್ರಶ್ನೆ ಚಿಹ್ನೆಗಳ ಸಾಲು

ನೆಟ್ಟಗಿರುವ, ಮಾಮೂಲಿ ಪ್ರಶ್ನೆ ಚಿಹ್ನೆಗಳು ಸಾಲಾಗಿ ಕಂಡರೆ ಇದೊಂದೇ ನಿಜವಾಗಿ ಚಿಂತೆಯ ವಿಷಯ. ಕನ್ನಡಕ್ಕೆ ಜಾಗವಿಲ್ಲದ ಪಟ್ಟಿಯಲ್ಲಿ ಯಾರೋ ಸೇವ್ ಮಾಡಿದ್ದಾರೆ. ಹಿಡಿಸದ ಪ್ರತಿ ಅಕ್ಷರದ ಜಾಗದಲ್ಲೂ 63 ಅನ್ನುವ ಒಂದೇ ಅಂಕಿ ಕೂತಿದೆ. 'ಹೆಗಡೆ' ಇದ್ದಲ್ಲೂ 63, 'ನಾಯ್ಕ' ಇದ್ದಲ್ಲೂ 63. ಹಿಂದಕ್ಕೆ ಹೋಗಲು ದಾರಿಯೇ ಇಲ್ಲ.

ಖಚಿತ ಮಾಡಿಕೊಳ್ಳಲು ಎಚ್‌ಎಕ್ಸ್‌ಡಿಯಂಥ ಉಚಿತ ಹೆಕ್ಸ್ ವೀಕ್ಷಕದಲ್ಲಿ ತೆರೆಯಿರಿ. 3ಎಫ್ 3ಎಫ್ 3ಎಫ್ ಅಂತ (63ರ ಹೆಕ್ಸ್ ರೂಪ) ಸಾಲು ಕಂಡರೆ ಹೋಗಿದೆ, ಯಾವ ಕನ್ವರ್ಟರಿಗೂ ದುಡ್ಡು ಕೊಡಬೇಡಿ. ಇ0 ಬಿ2 ಕಂಡರೆ ಉಳಿದಿದೆ, ತೋರಿಸುವ ಸಾಫ್ಟ್‌ವೇರ್ ಮಾತ್ರ ತಪ್ಪು. ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಂಡರೂ ಹೀಗೇ ನೋಡಿ. ಇಎಫ್ ಬಿಎಫ್ ಬಿಡಿ ಅಂತ ಇದ್ದರೆ ಆ ಅಕ್ಷರ ಹೋಗಿದೆ.

ಆಗುವುದು ಹೆಚ್ಚಾಗಿ ಎರಡು ಕಡೆ. ಒಂದು, ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿ ಅಂತ ಸೇವ್ ಮಾಡಿದಾಗ. ಅಲ್ಲಿ ಯುಟಿಎಫ್-8 ಅಂತ ಇರುವ ಸಿಎಸ್‌ವಿಯನ್ನೇ ಆರಿಸಬೇಕು. ಇನ್ನೊಂದು, ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್. ಅದು ಆನ್ಸಿಯಲ್ಲಿ, ಅಂದರೆ ಕನ್ನಡಕ್ಕೆ ಜಾಗವಿಲ್ಲದ ಹಳೆಯ ಪಟ್ಟಿಯಲ್ಲಿ, ಸೇವ್ ಮಾಡುವ ಮೊದಲು "ಕೆಲವು ಅಕ್ಷರ ಹೋಗುತ್ತವೆ" ಅಂತ ಕೇಳಿಯೇ ಕೇಳುತ್ತದೆ. ಅವಸರದಲ್ಲಿ ಓಕೆ ಒತ್ತಿರುತ್ತಾರೆ. ಹಾಳಾದ ಫೈಲಿನಲ್ಲಿ ಗುದ್ದಾಡುವ ಬದಲು ಹಳೆಯ ಇಮೇಲ್, ಪೆನ್ ಡ್ರೈವ್, ಮತ್ತೊಬ್ಬರ ಮೊಬೈಲಿಗೆ ಕಳಿಸಿದ ಪ್ರತಿ ಹುಡುಕಿ. ಹೆಸರುಗಳು ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಕಣ್ಣಿಗೆ ಸರಿ ಇದೆ, ಹುಡುಕಿದರೆ ಸಿಗುವುದಿಲ್ಲ

ಪಟ್ಟಿಯಲ್ಲಿ ಅಂಕೋಲಾ ಕಣ್ಣೆದುರೇ ಇದೆ, ಹುಡುಕಿದರೆ ಇಲ್ಲ ಅನ್ನುತ್ತದೆ. ಈ ಎರಡನ್ನು ನೋಡಿ: ಅಂಕೋಲಾ, ಅ೦ಕೋಲಾ. ಮೊದಲನೆಯದರಲ್ಲಿ ಅನುಸ್ವಾರ ಇದೆ, ಹೆಕ್ಸ್ 0ಸಿ82. ಎರಡನೆಯದರಲ್ಲಿ ಕನ್ನಡದ ಸೊನ್ನೆ ಅಂಕಿ ಇದೆ, 0ಸಿಇ6. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಎರಡು ಪದ. ಸಂಘ, ಬ್ಯಾಂಕ್, ಗೋವಿಂದ ಎಲ್ಲದರಲ್ಲೂ ಈ ತಪ್ಪು ನುಸುಳುತ್ತದೆ. ಮತದಾರರ ಪಟ್ಟಿಯಲ್ಲೋ ಸಾಲದ ಪಟ್ಟಿಯಲ್ಲೋ ಒಬ್ಬರೇ ಇಬ್ಬರಾಗಿ ಬಿಡುತ್ತಾರೆ, ಇದು ಸಣ್ಣ ವಿಷಯ ಅಲ್ಲ.

ಅನುಮಾನವಿರುವ ಪದದಿಂದ ಆ ಸೊನ್ನೆಯೊಂದನ್ನೇ ಕಾಪಿ ಮಾಡಿ ಹುಡುಕಿ. ಸಿಕ್ಕಿದರೆ ಬದಲಿಸಿ, ಆದರೆ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬೇಡಿ. '೧೦' ಅಂತ ಇದ್ದ ಅಂಕಿಯೂ ಹಾಳಾಗುತ್ತದೆ. ಅಕ್ಷರದ ಪಕ್ಕ ಕೂತ ಸೊನ್ನೆಯನ್ನು ಮಾತ್ರ ಬದಲಿಸಬೇಕು.

ಸೊನ್ನೆ ಅಲ್ಲ ಅಂತಾದರೆ ಉಳಿದದ್ದು ಎರಡು. 'ರ‍್ಯಾಂಕ್' ಥರದ ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಣೆ ಗುರುತು ಇರುತ್ತದೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಇಲ್ಲ. ಹಾಗೇ 'ಕೊ' ಥರದ ಅಕ್ಷರದಲ್ಲಿ ಒಕಾರದ ಗುರುತು ಒಂದೇ ಅಂಕಿಯಾಗಿರಬಹುದು, ಎಕಾರ ಮತ್ತು ಊಕಾರ ಸೇರಿ ಎರಡಾಗಿಯೂ ಇರಬಹುದು. ಈ ಎರಡನೆಯದನ್ನು ಕೈಯಲ್ಲಿ ಹಿಡಿಯುವುದು ಕಷ್ಟ. ಪಟ್ಟಿ ದೊಡ್ಡದಿದ್ದರೆ ಪ್ರೋಗ್ರಾಮಿಂಗ್ ಗೊತ್ತಿರುವವರ ಹತ್ತಿರ ಕೊಟ್ಟು ಎನ್‌ಎಫ್‌ಸಿ ನಾರ್ಮಲೈಸ್ ಮಾಡಿಸಿ, ಅಂದರೆ ಒಂದೇ ಅಕ್ಷರದ ಎರಡು ರೂಪವನ್ನು ಒಂದೇ ರೂಪಕ್ಕೆ ತರಿಸಿ.

ಎಕ್ಸೆಲ್‌ನಲ್ಲಿ ಅಂಕಿಯೇ ಬದಲಾಗಿದೆ

ಕೃಷಿ ಸಾಲದ ಪಟ್ಟಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಸರ್ವೆ ನಂಬರ್ 5/2 ಹೊಡೆದರೆ ಫೆಬ್ರವರಿ 5 ಆಗುತ್ತದೆ. 45/2 ಹಾಗೇ ಉಳಿಯುತ್ತದೆ, ಯಾಕೆಂದರೆ 45ನೇ ತಾರೀಖು ಇಲ್ಲವಲ್ಲ. ಅರ್ಧ ಪಟ್ಟಿ ಸರಿ, ಅರ್ಧ ತಪ್ಪು ಅಂತ ಕಂಡರೆ ಇದೇ ಕಾರಣ. ದಿನಾಂಕವಾದ ಕೋಶವನ್ನು ಆಮೇಲೆ ಪಠ್ಯ ಮಾಡಿದರೆ 5/2 ವಾಪಸ್ ಬರುವುದಿಲ್ಲ. ಐದಂಕಿಯ ಒಂದು ಸಂಖ್ಯೆ ಬರುತ್ತದೆ, ಅದು 1900ರ ಶುರುವಿನಿಂದ ಎಣಿಸಿದ ದಿನ. ಪಹಣಿ ನೋಡಿ ಮತ್ತೆ ಹೊಡೆಯುವುದೇ ಸರಿ. ಮುಂದಕ್ಕೆ, ಟೈಪ್ ಮಾಡುವ ಮೊದಲೇ ಆ ಕಾಲಂ ಪೂರ್ತಿ ಪಠ್ಯ ಅಂತ ಮಾಡಿಡಿ.

ಶಿರಸಿಯ ದೂರವಾಣಿ ಕೋಡ್ 08384 ಹೋಗಿ 8384 ಆಗುವುದೂ ಇದೇ ಜಾತಿಯ ದೋಷ. ಆಧಾರ್‌ನ 12 ಅಂಕಿ '1.23' ಥರ ಮೊಟಕಾಗಿ ನಡುವೆ ಇ ಅಕ್ಷರ ಸೇರಿ ಕಂಡರೆ ಅದು ತೋರಿಸುವ ರೀತಿ ಅಷ್ಟೇ. ಕೋಶವನ್ನು ದಶಮಾಂಶವಿಲ್ಲದ ಸಂಖ್ಯೆ ಮಾಡಿದರೆ ಪೂರ್ತಿ ಕಾಣುತ್ತದೆ. ಆದರೆ ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನಿಖರವಾಗಿ ಹಿಡಿಯುತ್ತದೆ. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ 0 ಆಗಿದ್ದರೆ ಅದನ್ನು ನಂಬಿ ಹಣ ಹಾಕಬೇಡಿ, ಪಾಸ್‌ಬುಕ್ ತರಿಸಿ ನೋಡಿ. ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಐದನೆಯದು ಯಾವತ್ತೂ ಸೊನ್ನೆ, ಇಂಗ್ಲಿಷ್‌ನ ಓ ಅಲ್ಲ.

ಎಸ್‌ಎಂಎಸ್ ಮೂರು ತುಂಡಾಗಿ ಹೋಗುತ್ತಿದೆ

ಇದು ದೋಷ ಅಲ್ಲ, ಲೆಕ್ಕ. ಒಂದು ಎಸ್‌ಎಂಎಸ್‌ಗೆ 140 ಬೈಟ್ ಜಾಗ. ಇಂಗ್ಲಿಷ್‌ಗೆ ಅಕ್ಷರಕ್ಕೆ 7 ಬಿಟ್ ಸಾಕು, 160 ಹಿಡಿಸುತ್ತದೆ. ಕನ್ನಡಕ್ಕೆ 16 ಬಿಟ್ ಬೇಕು, 70 ಮಾತ್ರ. ತುಂಡಾದರೆ ಜೋಡಿಸುವ ಗುರುತಿಗೂ ಜಾಗ ಹೋಗಿ ತುಂಡಿಗೆ 67. ಜೊತೆಗೆ ಕಾಗುಣಿತದ ಗುರುತೂ ಎಣಿಕೆಗೆ ಬರುತ್ತದೆ: 'ಶಿರಸಿ' ನಮಗೆ ಮೂರು, ಫೋನಿಗೆ ಐದು. ಇಂಗ್ಲಿಷ್ ಸಂದೇಶದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇದ್ದರೂ ಇಡೀ ಸಂದೇಶಕ್ಕೆ 70ರ ಲೆಕ್ಕವೇ.

ಕರೆಂಟ್ ಹೋಗಿ ಬಂದ ಮೇಲೆ ಫೈಲ್ ಖಾಲಿ

ಮಳೆಗಾಲದಲ್ಲಿ ಸೇವ್ ಆಗುತ್ತಿದ್ದಾಗಲೇ ಕರೆಂಟ್ ಹೋದರೆ ಫೈಲಿನ ಗಾತ್ರ ಮೊದಲಿನಷ್ಟೇ ಇದ್ದು ಒಳಗೆ ಏನೂ ಇಲ್ಲದಿರಬಹುದು. ಹೆಕ್ಸ್‌ನಲ್ಲಿ ನೋಡಿದರೆ ಉದ್ದಕ್ಕೂ 00. ಅದು ಸಂಕೇತದ ತೊಂದರೆ ಅಲ್ಲ, ಬರೆಯುವುದೇ ಪೂರ್ತಿ ಆಗಿಲ್ಲ. ಆ ಕಂಪ್ಯೂಟರಿನಲ್ಲಿ ಹೊಸದೇನೂ ಸೇವ್ ಮಾಡದೆ ನಿಲ್ಲಿಸಿ, ಡೇಟಾ ಹಿಂಪಡೆಯುವವರಿಗೆ ತೋರಿಸಿ. ವರ್ಡ್, ಎಕ್ಸೆಲ್ ತಾವೇ ಇಟ್ಟುಕೊಂಡ ಪ್ರತಿ ಇದ್ದರೂ ಇರಬಹುದು, ಮೊದಲು ಅದನ್ನು ಕೇಳಿ.

ಅರ್ಥವಾಗದ ಅಕ್ಷರಮಾಲೆ ಮೆಸೇಜಿನಲ್ಲಿ ಬಂದಿದೆ

ಕನ್ನಡ ಲಿಂಕ್ ಕಾಪಿ ಮಾಡಿದಾಗ ಶೇಕಡಾ ಚಿಹ್ನೆ, ಇ0, ಮತ್ತೆ ಶೇಕಡಾ ಚಿಹ್ನೆ, ಬಿ2 ಅಂತ ಉದ್ದಕ್ಕೆ ಬಂದರೆ ಅದು ವೈರಸ್ ಅಲ್ಲ. ಮೇಲೆ ನೋಡಿದ ಅದೇ ಬೈಟ್‌ಗಳು. ಆದರೆ ಲಿಂಕಿನ ಮೊದಲ ಭಾಗ, ಅಂದರೆ ವೆಬ್‌ಸೈಟಿನ ಹೆಸರು, ಎಕ್ಸ್ ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾದರೆ ನಿಲ್ಲಿ. ಅದರಲ್ಲಿ ಇಂಗ್ಲಿಷ್ ಅಲ್ಲದ ಲಿಪಿ ಅಡಗಿದೆ ಅಂತ ಅರ್ಥ. ಕನ್ನಡದ ಹೆಸರಿದ್ದರೂ ಹೀಗೇ ಕಾಣುತ್ತದೆ, ಎಲ್ಲವೂ ಮೋಸ ಅಲ್ಲ. ಆದರೆ ರಷ್ಯನ್ ಲಿಪಿಯ 'ಎ' ನಮ್ಮ ಕಣ್ಣಿಗೆ ಇಂಗ್ಲಿಷ್‌ನ 'ಎ'ಯೇ. ಬ್ಯಾಂಕಿನ ಹೆಸರಲ್ಲಿ ಅದನ್ನು ಕೂರಿಸಿ ವಂಚಿಸುತ್ತಾರೆ. ಬ್ಯಾಂಕಿನ ಲಿಂಕ್ ಹೀಗೆ ಬಂದರೆ ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ.

ಉದ್ದದ ಇಂಗ್ಲಿಷ್ ಅಕ್ಷರಮಾಲೆ, ಕೊನೆಗೆ ಸಮ ಚಿಹ್ನೆ ಇದ್ದರೆ ಅದು ಬೇಸ್64 ಇರಬಹುದು. ಮೂರು ಬೈಟನ್ನು ನಾಲ್ಕು ಅಕ್ಷರ ಮಾಡುವ ಕ್ರಮ ಅದು. ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಿ ಓದಬಹುದು, ಅದಕ್ಕೆ ಬೀಗವೇ ಇಲ್ಲ. "ಪಾಸ್‌ವರ್ಡನ್ನು ಎನ್‌ಕೋಡ್ ಮಾಡಿ ಇಟ್ಟಿದ್ದೇವೆ" ಅಂತ ಸಾಫ್ಟ್‌ವೇರ್ ಮಾರುವವರು ಹೇಳಿದರೆ ಎನ್‌ಕೋಡೋ (ಬರೀ ರೂಪ ಬದಲಿಸಿದ್ದೋ) ಎನ್‌ಕ್ರಿಪ್ಟೋ (ಬೀಗ ಹಾಕಿದ್ದೋ) ಅಂತ ಬಿಡಿಸಿ ಕೇಳಿ.

ಸದಸ್ಯರ ಪಟ್ಟಿಯನ್ನು ಇಂಟರ್ನೆಟ್ಟಿನ ಉಚಿತ ಕನ್ವರ್ಟರಿಗೆ ಅಂಟಿಸುವುದು ಬೇಡವೇ ಬೇಡ. ಅದರಲ್ಲಿ ಆಧಾರ್ ಇದೆ, ಖಾತೆ ಸಂಖ್ಯೆ ಇದೆ, ಊರಿನವರು ನಂಬಿ ಕೊಟ್ಟದ್ದು. ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವ ನುಡಿ, ಬರಹ, ಲಿಬ್ರೆ ಆಫೀಸ್ ಸಾಕು. ಅಕ್ಷರ ಸರಿ ಮಾಡುವ ಆ್ಯಪ್ ಅಂತ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಹಾಕಿಕೊಳ್ಳಬೇಡಿ. ಹಾಕಿಕೊಂಡು ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಯಾವಾಗ ಕೈ ಬಿಟ್ಟು ಬೇರೆಯವರಿಗೆ ತೋರಿಸಬೇಕು

ಒಂದೇ ಫೈಲಿನಲ್ಲಿ ದೊಡ್ಡ ಎ, ಸಣ್ಣ ಎ ಎರಡೂ ಕಂಡರೆ, ಅಥವಾ ಒಂದು ಅಕ್ಷರಕ್ಕೆ ಆರೇಳು ಚಿಹ್ನೆ ಬರುತ್ತಿದ್ದರೆ ಒಂದಕ್ಕಿಂತ ಜಾಸ್ತಿ ಸಲ ತಪ್ಪಾಗಿ ಸೇವ್ ಆಗಿದೆ. ಅದನ್ನು ಬಂದ ದಾರಿಯಲ್ಲೇ ಒಂದೊಂದಾಗಿ ಬಿಚ್ಚಬೇಕು, ಅಂದಾಜಿಗೆ ಕೈ ಹಾಕಬೇಡಿ. ಸೊಸೈಟಿಯ ಸಾಫ್ಟ್‌ವೇರಿನ ಡೇಟಾಬೇಸ್‌ನೊಳಗೇ ಹೀಗಾಗಿದ್ದರೆ ಹೊಸ ಹೆಸರು ಸೇರಿಸುವುದನ್ನು ನಿಲ್ಲಿಸಿ ಸಾಫ್ಟ್‌ವೇರ್ ಕೊಟ್ಟವರನ್ನು ಕರೆಸಿ. ದಿನ ಹೋದಷ್ಟೂ ಸರಿ ಮತ್ತು ತಪ್ಪು ಬೆರೆಯುತ್ತಾ ಹೋಗುತ್ತವೆ.

ತೋರಿಸಲು ಹೋಗುವಾಗ ಮುಟ್ಟದೆ ಇಟ್ಟ ಮೂಲ ಫೈಲ್, ತೆರೆಯ ಮೇಲೆ ಹೇಗೆ ಕಾಣುತ್ತದೆ ಎಂಬುದರ ಫೋಟೋ, ಮತ್ತು ನಿಮಗೆ ಸರಿಯಾಗಿ ಗೊತ್ತಿರುವ ಒಂದೆರಡು ಹೆಸರು ಯಾವ ಸಾಲಿನಲ್ಲಿವೆ ಅನ್ನುವುದನ್ನು ಬರೆದುಕೊಂಡು ಹೋಗಿ. ಫೈಲ್ ಯಾವ ಸಾಫ್ಟ್‌ವೇರಿನಿಂದ ಬಂತು, ನಡುವೆ ಯಾರ್ಯಾರು ತೆರೆದರು ಅಂತಲೂ ಕೇಳಿಕೊಂಡಿರಿ. ಹೆಸರು ಗೊತ್ತಿದ್ದರೆ ಅದರ ಬೈಟ್‌ಗಳನ್ನು ಪಕ್ಕದಲ್ಲಿಟ್ಟು, ಎಲ್ಲಿ ತಪ್ಪಿತು ಅಂತ ಬೇಗ ಹಿಡಿಯಬಹುದು.